ಒಗಾವಾ ಸಾನ್ ಅವರ ರೈಫಲಿಗೆ ನಾನು ಹೇಳಿದ ಸಾಕ್ಷಿ

ಕಬ್ಬಿಣವನ್ನು ನಾನು ಮಿಲಿಮೀಟರಿನ ನೂರನೇ ಭಾಗದವರೆಗೂ ಅಳೆಯಬಲ್ಲೆ. ಮೂವತ್ತು ವರ್ಷದಿಂದ ನನಗೆ ಅನ್ನ ಕೊಟ್ಟಿರುವುದು ಅದೇ ಕೆಲಸ. ಆದರೆ ಒಬ್ಬ ಮನುಷ್ಯನನ್ನು ಹೊಗಳಲು ಬಾಯಿ ತೆರೆದೆನೆಂದರೆ ಅಳತೆಯ ಲೆಕ್ಕವೇ ನನಗೆ ಇರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಕಡೆ ಹೊಗಳಿಕೆ ಎಂದರೆ ಮದುವೆ ಮನೆಯಲ್ಲಿ ತುಪ್ಪ ಬಡಿಸಿದ ಹಾಗೆ. ಎಲೆಗೆ ಅಡ್ಡ ಕೈ ಹಿಡಿದ ಮೇಲೂ ಇನ್ನೊಂದು ಚಮಚ ಬಿದ್ದರೇ ಅದು ಬಡಿಸಿದ್ದು. ಪೀಣ್ಯದಲ್ಲಿ ನಾನಿದ್ದ ವಠಾರಕ್ಕೆ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬಂದಾಗ ಎದುರು ಮನೆಯ ನಿಂಗೇಗೌಡರು ಬನಿಯನ್ನಿನಲ್ಲೇ ಹೊರಗೆ ಬಂದು, "ದೇವ್ರಂಥ ಮನುಷ್ಯ ಸಾರ್, ಇರುವೆ ಕಂಡ್ರೂ ದಾಟ್ಕೊಂಡ್ ಹೋಗ್ತಾನೆ" ಎಂದಿದ್ದರು. ನೀರು ಹಿಡಿಯುವ ಸರದಿಯ ವಿಷಯದಲ್ಲಿ ಜಗಳವಾಗಿ ಅವರಿಗೂ ನನಗೂ ಆಗ ಎರಡು ವರ್ಷದಿಂದ ಮಾತಿರಲಿಲ್ಲ. ಆದರೂ ಖಾಕಿ ಕಂಡ ಕೂಡಲೇ ನೆರೆಯವನನ್ನು ಕಾಪಾಡುವುದು ಧರ್ಮ ಎಂದು ಅವರಿಗೆ ಗೊತ್ತಿತ್ತು. ನನಗೆ ಪಾಸ್‌ಪೋರ್ಟ್ ಸಿಕ್ಕಿದ್ದು ಆ ಇರುವೆಯಿಂದಲೇ ಎಂದು ನಾನು ಇಂದಿಗೂ ನಂಬಿದ್ದೇನೆ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಬಿಟ್ಟೆ ಎನ್ನುವುದು ಮರ್ಯಾದೆಯ ಮಾತು. ಲೆಕ್ಕದ ಮೇಷ್ಟ್ರೂ ನಾನೂ ಒಬ್ಬರ ಆಸೆಯನ್ನು ಒಬ್ಬರು ಬಿಟ್ಟೆವು. ಮದ್ದೂರಿನಿಂದ ಪೀಣ್ಯಕ್ಕೆ ಬಂದು ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತ ಮೇಲೆ ಅದೇ ಲೆಕ್ಕ ಬೆರಳಿನ ತುದಿಯಿಂದ ತಲೆಗೆ ಹತ್ತಿತು. ಜಪಾನಿಗೆ ಬರಬೇಕಾದರೆ ಡಿಗ್ರಿ ಬೇಕು, ಇಲ್ಲದಿದ್ದರೆ ಹತ್ತು ವರ್ಷ ಅದೇ ಕೆಲಸ ಮಾಡಿದ ಪತ್ರ ಬೇಕು ಎಂದರು. ನನ್ನ ಹತ್ತಿರ ಅಂಥ ಹತ್ತು ವರ್ಷಗಳು ಎರಡಿದ್ದವು. ಹೀಗೆ ಸಗಮಿಹಾರಾಕ್ಕೆ ಬಂದೆ. ಈ ಊರಿನಲ್ಲಿ ಬಾಹ್ಯಾಕಾಶಕ್ಕೆ ಯಂತ್ರ ಕಳಿಸುವ ದೊಡ್ಡ ವಿಜ್ಞಾನಿಗಳಿದ್ದಾರೆ. ನಮ್ಮದು ಊರಾಚೆಯ ಸಣ್ಣ ಕಾರ್ಖಾನೆ, ನಾವು ಪಂಪಿನ ಶಾಫ್ಟ್ ಮಾಡುತ್ತೇವೆ. ನಮ್ಮ ಶಾಫ್ಟ್ ಇದುವರೆಗೆ ಒಂದೂ ವಾಪಸ್ ಬಂದಿಲ್ಲ, ಅದನ್ನು ಇಲ್ಲಿ ಬರೆದಿಟ್ಟಿರಲಿ. ಟೋಕಿಯೋದ ಎಡೋಗಾವಾದಲ್ಲಿರುವ ನಮ್ಮ ಕನ್ನಡದ ಸ್ನೇಹಿತರೆಲ್ಲ ಸಾಫ್ಟ್‌ವೇರಿನವರು. ಯಾರಾದರೂ ಹೊಸಬರು ಕೇಳಿದರೆ ನಾನು "ಲೇತ್ ಆಪರೇಟರ್" ಎನ್ನುತ್ತೇನೆ. ಪಕ್ಕದಲ್ಲಿರುವ ಸ್ನೇಹಿತ ಸುಧೀಂದ್ರ ನನ್ನ ಮಾನ ಕಾಪಾಡಲೆಂದು "ಮ್ಯಾನುಫ್ಯಾಕ್ಚರಿಂಗ್ ಡೊಮೇನ್" ಎಂದು ತಿದ್ದುತ್ತಾನೆ.

ಒಗಾವಾ ಸಾನ್ ನಮ್ಮ ಕಾರ್ಖಾನೆಯ ಮೇಸ್ತ್ರಿ, ಸಾನ್ ಎಂದರೆ ಇಲ್ಲಿನವರ 'ಅವರು'. ಐವತ್ತೆಂಟು ವರ್ಷ, ನನ್ನ ಭುಜದಷ್ಟು ಎತ್ತರ, ದಿನಕ್ಕೆ ಹದಿನೈದು ಮಾತು. ನಮಗೆ ಬಾಡಿಗೆ ಮನೆ ಹುಡುಕಿಕೊಟ್ಟವರೂ ಅವರೇ. ತಮ್ಮ ಪಕ್ಕದ ಮನೆಯನ್ನೇ ಕೊಡಿಸಿದರು. ಕೆಂಪಣ್ಣ ಎಂಬ ನನ್ನ ಹೆಸರನ್ನು ಹೇಳಲಾಗದೆ "ಕೆಂಪ ಸಾನ್" ಎಂದು ಮೊಟಕು ಮಾಡಿದವರೂ ಅವರೇ. ಅವರಿಗಿರುವುದು ಒಂದೇ ಹುಚ್ಚು, ಜಿಂಕೆ ಬೇಟೆ. ಊರಿನ ಹಿಂದಿರುವ ತಾಂಜಾವಾ ಬೆಟ್ಟಗಳಲ್ಲಿ ಜಿಂಕೆಗಳು ಹೆಚ್ಚಿ, ಸಸಿಗಳನ್ನು ಒಂದೂ ಉಳಿಸದೆ ಮೇಯ್ದು, ಸರ್ಕಾರವೇ ಹೊಡೆಯಿರಿ ಎಂದು ಹೇಳುವ ಸ್ಥಿತಿ ಬಂದಿದೆ. ಜಿಂಕೆಯ ಕಡೆ ಕಲ್ಲೆಸೆದರೂ ಜೈಲು ಎಂದು ಕೇಳಿ ಬೆಳೆದ ನನಗೆ ಇದನ್ನು ನಂಬಲು ಒಂದು ವರ್ಷ ಹಿಡಿಯಿತು. ಮೊದಲ ಸಲ ಅವರು ಮಾಂಸದ ಪೊಟ್ಟಣ ತಂದುಕೊಟ್ಟಾಗ ನಾನು ರಸ್ತೆಯ ಎರಡೂ ಕಡೆ ನೋಡಿ ಒಳಗೆ ತೆಗೆದುಕೊಂಡೆ.

ಆ ಮೊದಲ ಪೊಟ್ಟಣವನ್ನು ನನ್ನ ಹೆಂಡತಿ ಮಂಜುಳಾ ಕುರಿಯೆಂದೇ ಭಾವಿಸಿ ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದಳು. ಬಂದದ್ದು ತೆಂಗಿನ ನಾರು. ಒಳ್ಳೆಯ ಮಸಾಲೆಯಲ್ಲಿ ಮುಳುಗಿದ ತೆಂಗಿನ ನಾರು. ಜಿಂಕೆಗೆ ಕುರಿಯ ಹಾಗೆ ಮೈಯೊಳಗೆ ಕೊಬ್ಬಿಲ್ಲ, ಬೆಂಕಿಯ ಮುಂದೆ ಅದು ಬಹಳ ಸಂಕೋಚದ ಪ್ರಾಣಿ. ಬೆನ್ನಿನ ಮಾಂಸವಾದರೆ ಬಾಣಲೆಗೆ ತೋರಿಸಿ ತೆಗೆಯಬೇಕು, ತೊಡೆಯಾದರೆ ಸಣ್ಣ ಉರಿಯಲ್ಲಿ ಮಧ್ಯಾಹ್ನವೆಲ್ಲ ಕೂರಿಸಬೇಕು. ಇದನ್ನೆಲ್ಲ ಕಲಿತ ಮೇಲೆ ನಮ್ಮ ಮನೆಯಲ್ಲಿ ಜಿಂಕೆಯ ತರಗತಿಗಳೇ ಶುರುವಾದವು. ಬೇಸಿಗೆಯಲ್ಲಿ ಹಸಿರೆಲೆ ಮೇಯ್ದ ಗಂಡಿನ ಮಾಂಸಕ್ಕೆ ಗಿಡದ ವಾಸನೆಯೂ ಒಂದು ಸಿಹಿಯೂ ಇರುತ್ತದೆ. ಅದೇ ಗಂಡು ಶರತ್ಕಾಲದಲ್ಲಿ ಹೆಣ್ಣಿನ ಹಿಂದೆ ಓಡಾಡುವಾಗ ಹೊಡೆದದ್ದಾದರೆ ಮೂರು ಹಿಡಿ ಕೊತ್ತಂಬರಿ ಬೀಜ ಹುರಿದು ಹಾಕಿದರೂ ಹೋತದ ವಾಸನೆ ಅಡುಗೆಮನೆ ಬಿಟ್ಟು ಹೋಗುವುದಿಲ್ಲ. ಚಳಿ ಶುರುವಾಗುವ ಹೊತ್ತಿನ ಹೆಣ್ಣು ಜಿಂಕೆ ಎಲ್ಲಕ್ಕಿಂತ ಮೇಲು. ಅದರ ತೊಡೆಯನ್ನು ಕೊಚ್ಚಿ ಗಸಗಸೆ, ಕಾಯಿ, ಚಕ್ಕೆ ಹಾಕಿ ಮಂಜುಳಾ ಮಾಡುವ ಕೈಮಾ ಉಂಡೆ ಸಾರಿನ ಮುಂದೆ ಮಾತಾಡುವುದು ಅಸಭ್ಯತೆ. ಚಳಿಗಾಲದ ಕೊನೆಗೆ ಮರದ ತೊಗಟೆ ತಿಂದು ಬದುಕಿದ್ದು ಸಿಕ್ಕರೆ ನಮಗೂ ತೊಗಟೆಯ ರುಚಿಯೇ. ಒಮ್ಮೆ ಹೊಕ್ಕೈದೋ ಕಡೆಯಿಂದ ಯಾರೋ ಕಳಿಸಿದ ಜಿಂಕೆಯನ್ನೂ ಕೊಟ್ಟರು: ನಮ್ಮ ಬೆಟ್ಟದ್ದಕ್ಕಿಂತ ಎರಡರಷ್ಟು ದೊಡ್ಡ ಜಾತಿ, ಮೃದು, ಸೌಮ್ಯ, ಎಷ್ಟು ಸೌಮ್ಯವೆಂದರೆ ನಮ್ಮ ಖಾರಕ್ಕೆ ಎದುರು ಮಾತೇ ಆಡಲಿಲ್ಲ. ಚಿಬಾದ ಕಾಡುಗಳಲ್ಲಿ ನಾಯಿಯಷ್ಟು ಚಿಕ್ಕದೊಂದು ಜಿಂಕೆಯಿದೆ, ಕ್ಯೋನ್ ಎನ್ನುತ್ತಾರೆ. ಅದು ಮೊಲಕ್ಕೂ ನಾಟಿ ಕೋಳಿಗೂ ನಡುವೆ ಎಲ್ಲೋ ನಿಲ್ಲುತ್ತದೆ. ಯುಗಾದಿಯ ಮಾರನೆಯ ದಿನ ಎಡೋಗಾವಾಕ್ಕೆ ಉಂಡೆಗಳನ್ನು ಡಬ್ಬಿಯಲ್ಲಿ ಒಯ್ದಿದ್ದೆ. ಸುಧೀಂದ್ರ ನಾಲ್ಕು ತಿಂದು ಈ ಮಟನ್ ಯಾವ ಅಂಗಡಿಯದ್ದು ಎಂದು ಕೇಳಿದ. ಜಿಂಕೆ ಎಂದೆ. ಅಗಿಯುವುದನ್ನು ನಿಲ್ಲಿಸಿ, ಬಾಗಿಲ ಕಡೆ ನೋಡಿ, ಕಾನೂನುಬದ್ಧವೇ ಎಂದು ಕೇಳಿದ. ಹೌದೆಂದ ಮೇಲೆ ಐದನೆಯದಕ್ಕೆ ಕೈ ಹಾಕಿದ.

ಆದರೆ ಒಗಾವಾ ಸಾನ್ ಹೇಳುವುದೇ ಬೇರೆ. ರುಚಿ ಜಿಂಕೆಯ ಜಾತಿಯಲ್ಲಿ ಅರ್ಧ, ಹೊಡೆದ ಕೈಯಲ್ಲಿ ಅರ್ಧ ಎನ್ನುತ್ತಾರೆ. ಗುಂಡು ತಗಲಿಯೂ ಓಡಿದ ಜಿಂಕೆಯ ಮಾಂಸಕ್ಕೆ ಭಯದ ಹುಳಿ ಏರುತ್ತದೆ. ಏನೂ ತಿಳಿಯುವ ಮೊದಲೇ ನಿಂತಲ್ಲೇ ಬಿದ್ದು, ಕೂಡಲೇ ರಕ್ತ ಹರಿಸಿ, ತೊರೆಯ ನೀರಿನಲ್ಲಿ ತಣಿಸಿದ್ದಾದರೆ ಅದು ಸಿಹಿ. ಅದಕ್ಕಾಗಿ ಅವರು ಕುತ್ತಿಗೆ ಬಿಟ್ಟು ಬೇರೆ ಎಲ್ಲಿಗೂ ಗುರಿಯಿಡುವುದಿಲ್ಲ. ಕುತ್ತಿಗೆ ಕಾಣದಿದ್ದರೆ ಕೋವಿ ಇಳಿಸಿ ಮನೆಗೆ ಬರುತ್ತಾರೆ. ಜಿಂಕೆ ತಂದ ವಾರಗಳಿಗಿಂತ ಬರಿಗೈಯಲ್ಲಿ ಬಂದ ವಾರಗಳೇ ಹೆಚ್ಚು. ಅವರ ಹತ್ತಿರ ಇದ್ದದ್ದು ಹಳೆಯ ತೋಟಾ ಕೋವಿ, ಐವತ್ತು ಹೆಜ್ಜೆಯಾಚೆ ಅದನ್ನು ನಂಬುವ ಹಾಗಿಲ್ಲ. ಇನ್ನೂರು ಹೆಜ್ಜೆಯಿಂದ ಅಂಗಿಯ ಗುಂಡಿಯಷ್ಟು ಜಾಗಕ್ಕೆ ಹೊಡೆಯಬೇಕಾದರೆ ರೈಫಲ್ ಬೇಕು. ಈ ದೇಶದಲ್ಲಿ ರೈಫಲ್ ಕೇಳಬೇಕಾದರೆ ಅದಕ್ಕೆ ಮೊದಲು ಹತ್ತು ವರ್ಷ ಒಂದೂ ತಪ್ಪಿಲ್ಲದೆ ಕೋವಿ ಇಟ್ಟುಕೊಂಡಿರಬೇಕು. ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಕೋವಿ, ಬೇರೆ ಪೆಟ್ಟಿಗೆಯಲ್ಲಿ ಗುಂಡು, ಬೀಗದ ಕೈ ಎಲ್ಲಿದೆಯೆಂದು ಹೆಂಡತಿಗೂ ಗೊತ್ತಿರಬಾರದು, ವರ್ಷಕ್ಕೊಮ್ಮೆ ಪೊಲೀಸರಿಗೆ ತೋರಿಸಬೇಕು, ಪರವಾನಗಿ ಇದ್ದವನ ಹೊರತು ಇನ್ನೊಬ್ಬರು ಬೆರಳು ಸೋಕಿಸುವಂತಿಲ್ಲ. ಒಗಾವಾ ಸಾನ್ ಆ ಹತ್ತು ವರ್ಷ ಮುಗಿಸಿ ಅರ್ಜಿ ಹಾಕಿದ್ದರು. ಹತ್ತು ವರ್ಷದ ಪತ್ರ ಹಿಡಿದು ಈ ದೇಶದ ಬಾಗಿಲು ತಟ್ಟಿದ ನನಗೆ ಆ ಅರ್ಜಿಯ ತೂಕ ಬೇರೆಯವರಿಗಿಂತ ಹೆಚ್ಚು ಗೊತ್ತಿತ್ತು.

ಊಟದ ವಿರಾಮದಲ್ಲಿ ನಾವಿಬ್ಬರೂ ಬಂದೂಕಿನ ಕ್ಯಾಟಲಾಗ್ ಬಿಡಿಸಿಕೊಂಡು ಕೂರುತ್ತಿದ್ದೆವು, ಮದುವೆಗೆ ಹೆಣ್ಣಿನ ಫೋಟೋ ನೋಡುವವರ ಹಾಗೆ. ಒಂದು ಭಾನುವಾರ ಅವರು ನನ್ನನ್ನು ಅಂಗಡಿಗೂ ಕರೆದುಕೊಂಡು ಹೋದರು. ಗಾಜಿನ ಹಿಂದೆ ಆ ರೈಫಲ್ ಇತ್ತು. ನಾನು ಬೇಟೆಗಾರನಲ್ಲ, ಕೊಲ್ಲುವ ಆಸೆ ನನಗಿಲ್ಲ, ಆದರೆ ಲೇತಿನವನು. ಅಷ್ಟುದ್ದದ ಉಕ್ಕಿನ ಸಲಾಕೆಯಲ್ಲಿ ಬೆರಳು ಹೋಗದ ತೂತು ಕೊರೆದು, ಆ ತೂತಿನೊಳಗೆ ಈ ತುದಿಯಿಂದ ಆ ತುದಿಯವರೆಗೆ ತಿರುಚಿದ ಗೀರುಗಳನ್ನು ಒಂದು ಕೂದಲೂ ಆಚೀಚೆ ಆಗದಂತೆ ಎಳೆದವನು ಯಾರೋ, ಅವನ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿತು. ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಅದಕ್ಕೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಪಕ್ಕದಲ್ಲಿ ತಾಮ್ರದ ಗುಂಡುಗಳಿದ್ದವು, ಒಂದೊಂದೂ ಲೇತಿನಲ್ಲಿ ತಿರುಗಿಸಿದ್ದು. ನಾನು ಉಬ್ಬಿ, ಇಂಥವನ್ನು ನಮ್ಮ ಮೆಷಿನ್ನಿನಲ್ಲಿ ಗಂಟೆಗೆ ಹತ್ತು ಮಾಡಿಕೊಡುತ್ತೇನೆ ಎಂದೆ. ಒಗಾವಾ ಸಾನ್ ಮುಖ ಹಾಲಿನಷ್ಟು ಬೆಳ್ಳಗಾಯಿತು. ಅಂಗಡಿಯಿಂದ ನನ್ನನ್ನು ತೋಳು ಹಿಡಿದು ಹೊರಗೆ ತಂದು, ಆ ಮಾತನ್ನು ಜೀವಮಾನದಲ್ಲಿ ಮತ್ತೆ ಆಡಬೇಡಿ ಎಂದರು.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಮ್ಮ ಮನೆಯ ಕರೆಗಂಟೆ ಬಡಿಯಿತು. ತೆಳ್ಳನೆಯ ಒಬ್ಬ ಪೊಲೀಸ್ ಅಧಿಕಾರಿ ಬಗ್ಗಿ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ಪಕ್ಕದ ಮನೆಯ ಒಗಾವಾ ಅವರ ವಿಷಯದಲ್ಲಿ ನಾಲ್ಕು ಮಾತು ಕೇಳಬೇಕಾಗಿದೆ ಎಂದರು. ಬಂದೂಕು ಕೇಳಿದವರ ಸ್ವಭಾವವನ್ನು ನೆರೆಯವರಲ್ಲಿ ವಿಚಾರಿಸುವುದು ಇಲ್ಲಿನ ಪದ್ಧತಿ. ನಿಂಗೇಗೌಡರ ಋಣವನ್ನು ತೀರಿಸುವ ದಿನ ಇದೇ ಎಂದುಕೊಂಡೆ. ಮಂಜುಳಾಗೆ ಕಾಫಿ ಮಾಡಲು ಹೇಳಿ, ಅಧಿಕಾರಿಯನ್ನು ಬಲವಂತವಾಗಿ ಕೂರಿಸಿ, ಕಾರ್ಖಾನೆಯಲ್ಲಿ ಕಲಿತ ನನ್ನ ಜಪಾನಿ ಭಾಷೆಯಲ್ಲಿ ತುಪ್ಪ ಬಡಿಸಲು ಶುರುಮಾಡಿದೆ. ಒಗಾವಾ ಬೇಗ ಸಿಟ್ಟಾಗುವವರೇ ಎಂದು ಅಧಿಕಾರಿ ಕೇಳಿದರು. ಸಿಟ್ಟೇ? ಸಿಂಹ! ಕೆಲಸ ಕೆಟ್ಟರೆ ಇಡೀ ಕಾರ್ಖಾನೆ ನಡುಗುತ್ತದೆ ಎಂದೆ. ಕುಡಿತ? ಒಂದು ಬಾಟಲಿ ಇಳಿಸಿದರೂ ಅಲ್ಲಾಡುವುದಿಲ್ಲ, ಅಂಥ ಗಟ್ಟಿ ಗಂಡಸು ಎಂದೆ. ಬಂದೂಕಿನ ವಿಷಯದಲ್ಲಿ ಎಚ್ಚರವಾಗಿರುತ್ತಾರೆಯೇ? ಕಣ್ಣು ಮುಚ್ಚಿಕೊಂಡು ಹೊಡೆದರೂ ಗುರಿ ತಪ್ಪುವುದಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಅಧಿಕಾರಿ ಬಹಳ ಆಸಕ್ತಿಯಿಂದ ಬರೆದುಕೊಳ್ಳುತ್ತಿದ್ದುದು ಕಂಡು ನನಗೆ ಹುರುಪು ಬಂತು. ಅವರ ಕೋವಿ ನನಗೆ ನನ್ನ ಲೇತಿನಷ್ಟೇ ಪರಿಚಯ, ಗುಂಡು ಬೇಕಾದರೆ ನಾನೇ ಮಾಡಿಕೊಡುತ್ತೇನೆ ಎಂದು ಹೇಳಿದ್ದೇನೆ, ಅಂಥ ಸ್ನೇಹ ನಮ್ಮದು ಎಂದೂ ಸೇರಿಸಿದೆ. ಅಧಿಕಾರಿ ಪುಟ ತಿರುವಿ ಇನ್ನೊಂದು ಪುಟ ಬರೆದರು. ಕಾಫಿ ಮುಟ್ಟಲಿಲ್ಲ. ಬಗ್ಗಿ ಹೊರಟರು.

ನಾನು ಎದೆ ಉಬ್ಬಿಸಿಕೊಂಡು ಒಳಗೆ ಬಂದಾಗ ಮಗಳು ಇಂಚರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹದಿಮೂರು ವರ್ಷ, ನಾಲ್ಕು ವರ್ಷದವಳಿದ್ದಾಗಿನಿಂದ ಇಲ್ಲೇ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಯಾವ ಭಾಷೆ ಮೊದಲು ಸಿಗುತ್ತದೋ ಅದರಲ್ಲಿ ಉತ್ತರ ಕೊಡುತ್ತಾಳೆ. ಒಗಾವಾ ಸಾನ್ ಅವಳಿಗೆ ಓಜಿಸಾನ್, ಅಂದರೆ ಮಾಮ.

"ಅಪ್ಪಾ, ವಾಟ್ ಡಿಡ್ ಯು ಡು? ಒಗಾವಾ ಓಜಿಸಾನ್ ಮೇಲೆ ಯಾಕೆ ಕಂಪ್ಲೇಂಟ್ ಕೊಟ್ಟೆ?"

ಕಂಪ್ಲೇಂಟ್ ಅಲ್ಲ ಕಣೇ, ಹೊಗಳಿದ್ದು ಎಂದೆ. ಅವಳು ಬೆರಳು ಮಡಚುತ್ತಾ ಹೇಳಿದಳು: "ಅವರಿಗೆ ತುಂಬಾ ಕೋಪ. ತುಂಬಾ ಕುಡೀತಾರೆ. ಕಣ್ಣು ಮುಚ್ಕೊಂಡು ಶೂಟ್ ಮಾಡ್ತಾರೆ. ಗನ್ ನಿಂಗೆ ಕೊಡ್ತಾರೆ. ನೀನು ಬುಲೆಟ್ ಮಾಡ್ತೀಯ. ಅಪ್ಪಾ, ದಿಸ್ ಈಸ್ ಅ ಗ್ಯಾಂಗ್."

ಮಂಜುಳಾ ಅಧಿಕಾರಿಯ ಕಾಫಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಅದು ತಣ್ಣಗಾಗಿತ್ತು.

ಮುಂದಿನ ಮೂರು ವಾರ ನಾನು ಪಟ್ಟ ಪಾಡನ್ನು ಹೇಗೆ ಹೇಳಲಿ? ಒಗಾವಾ ಸಾನ್ ಅವರನ್ನು ಠಾಣೆಗೆ ಎರಡು ಸಲ ಕರೆಸಿದರು. ಕಾರ್ಖಾನೆಯ ಮಾಲೀಕರನ್ನು ಕೇಳಿದರು. ನಮ್ಮ ತಾಮ್ರದ ಸಲಾಕೆಗಳನ್ನು ಒಬ್ಬರು ಬಂದು ನೋಡಿಕೊಂಡು ಹೋದರು. ಒಗಾವಾ ಸಾನ್ ಮಾತ್ರ ಎಂದಿನಂತೆ ಬಂದು, ಎಂದಿನಂತೆ ಹದಿನೈದು ಮಾತಾಡಿ ಹೋಗುತ್ತಿದ್ದರು. ಕ್ಯಾಟಲಾಗನ್ನು ಮಾತ್ರ ಊಟದ ಮೇಜಿಗೆ ತರಲಿಲ್ಲ. ಅದು ಅವರ ಡ್ರಾಯರಿನಲ್ಲಿ ಮಗುಚಿ ಬಿದ್ದಿರುವುದನ್ನು ಕಂಡೆ. ಆ ದಿನ ನಾನು ಒಂದು ಶಾಫ್ಟನ್ನು ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಹೆಚ್ಚು ಕಡೆದು ಹಾಳುಮಾಡಿದೆ. ಸಿಂಹ ಬಂದು ಅದನ್ನು ಎತ್ತಿ ನೋಡಿ, ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟು ಹೋಯಿತು. ಅವರ ಸಿಟ್ಟೆಂದರೆ ಇಷ್ಟೇ. ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಹೋಗಿ, ಸೊಂಟ ನೋಯುವಷ್ಟು ಬಗ್ಗಿ, ಪೊಲೀಸರಿಗೆ ಅದನ್ನೆಲ್ಲ ಹೇಳಿದವನು ನಾನೇ ಎಂದೆ.

ಒಗಾವಾ ಸಾನ್ ಕೈ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿದರು. ಗೊತ್ತಿತ್ತು ಎಂದರು. ಬಾಟಲಿ ಇಳಿಸಿಯೂ ಅಲ್ಲಾಡದ ಗಂಡಸು ಯಾರು ಎಂದು ಅವರ ಹೆಂಡತಿ ಅವತ್ತಿನಿಂದ ನಗುತ್ತಿದ್ದಾರಂತೆ, ಏಕೆಂದರೆ ಒಂದು ಲೋಟ ಬಿಯರಿಗೆ ಒಗಾವಾ ಸಾನ್ ಕುರ್ಚಿಯಲ್ಲೇ ನಿದ್ದೆಹೋಗುತ್ತಾರೆ. ಆಮೇಲೆ ಹೇಳಿದರು, "ಕೆಂಪ ಸಾನ್, ಹತ್ತು ವರ್ಷ ಕಾದಿದ್ದೇನೆ. ಇನ್ನಷ್ಟು ಕಾಯುವುದು ನನಗೆ ಬರುತ್ತದೆ." ಬೈದಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ಈ ಅರ್ಜಿ ಒಮ್ಮೆ ಬಿದ್ದುಹೋದರೆ ಅವರ ಹಳೆಯ ಕೋವಿಯೂ ಹೋಗಬಹುದೆಂದು, ಐವತ್ತೆಂಟರ ಮನುಷ್ಯ ಮತ್ತೆ ಮೊದಲಿಂದ ಹತ್ತು ವರ್ಷ ಎಣಿಸಬೇಕಾದೀತೆಂದು ಆಮೇಲೆ ಇನ್ನೊಬ್ಬರಿಂದ ತಿಳಿಯಿತು.

ಮಾರನೆಯ ದಿನ ಅರ್ಧ ರಜೆ ಹಾಕಿ, ಮದುವೆಯ ಸೂಟು ತೊಟ್ಟು ಠಾಣೆಗೆ ಹೊರಟೆ. ಸೂಟಿನ ಗುಂಡಿ ಹಾಕಲಾಗಲಿಲ್ಲ. ಅದು ಜಿಂಕೆ ಸಾರಿನ ತಪ್ಪು. ಇಂಚರ ಬಾಗಿಲವರೆಗೆ ಬಂದು, ಏನು ಕೇಳಿದರೂ ನಡೆದದ್ದನ್ನಷ್ಟೇ ಹೇಳು ಎಂದಳು. ಕೊನೆಗೆ ಒಗಾವಾ ಸಾನ್ ಎಂಥವರು ಎಂದು ಕೇಳಿದರೆ "ಫುತ್ಸೂ" ಅನ್ನಬೇಕಂತೆ, ಸಾಧಾರಣ ಮನುಷ್ಯರು ಅಂತ. ಅಷ್ಟೇನಾ ಎಂದೆ. "ಅಪ್ಪಾ, ಇಲ್ಲಿ ಪೊಲೀಸ್‌ಗೆ ಅದೇ ಬೆಸ್ಟ್" ಎಂದಳು.

ಅದೇ ತೆಳ್ಳನೆಯ ಅಧಿಕಾರಿ, ಅದೇ ಪುಸ್ತಕ. ಕೋವಿಯನ್ನು ಮುಟ್ಟಿದ್ದೀರಾ ಎಂದರು. ಇಲ್ಲ, ಒಂಬತ್ತು ವರ್ಷ ಪಕ್ಕದ ಮನೆಯಲ್ಲಿದ್ದೂ ಅದರ ಪೆಟ್ಟಿಗೆಯನ್ನು ಕೂಡ ನೋಡಿಲ್ಲ ಎಂದೆ. ಗುಂಡಿನ ಮಾತು ನನ್ನ ಜಂಬ, ಅದನ್ನು ಕೇಳಿ ಅವರು ನನ್ನನ್ನು ಅಂಗಡಿಯಿಂದ ಎಳೆದು ತಂದರು ಎಂದೆ. ಕುಡಿತ ಒಂದು ಲೋಟ, ಆಮೇಲೆ ನಿದ್ದೆ. ಸಿಟ್ಟು ಬಂದರೆ ಕೆಟ್ಟ ಶಾಫ್ಟನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ. ಹಾಗಾದರೆ ಮೊದಲು ಬೇರೆ ರೀತಿ ಏಕೆ ಹೇಳಿದಿರಿ ಎಂದು ಅವರು ಕೇಳಿದರು. ನಮ್ಮ ಊರಿನಲ್ಲಿ ಒಳ್ಳೆಯವರ ಬಗ್ಗೆ ಪೊಲೀಸರಿಗೆ ಹಾಗೆಯೇ ಹೇಳುವುದು ಎಂದೆ. ಅಧಿಕಾರಿ ಪುಸ್ತಕದ ಪುಟವನ್ನು ಮೇಲಿನಿಂದ ಕೆಳಗೆ ಹುಡುಕಿದರು. ಅವರ ಕೆಲಸದಲ್ಲಿ ಈ ಉತ್ತರಕ್ಕೆ ಖಾನೆ ಇರಲಿಲ್ಲವೆಂದು ತೋರುತ್ತದೆ.

"ನಿಮ್ಮ ದೃಷ್ಟಿಯಲ್ಲಿ ಒಗಾವಾ ಎಂಥ ಮನುಷ್ಯರು?"

ಹೊಗಳಿಕೆಯೆಲ್ಲ ನಾಲಿಗೆಯ ತುದಿಗೆ ಬಂತು. ಮಂಜುಳಾಗೆ ಆಪರೇಷನ್ ಆದಾಗ ಆಸ್ಪತ್ರೆಯ ಕಾಗದಗಳನ್ನೆಲ್ಲ ಕೂತು ತುಂಬಿಸಿಕೊಟ್ಟದ್ದು, ಇಂಚರಳ ಶಾಲೆಯ ಮೊದಲ ದಿನ ತಾವೂ ಟೈ ಕಟ್ಟಿಕೊಂಡು ನಮ್ಮ ಜೊತೆ ಬಂದದ್ದು, ಕುತ್ತಿಗೆ ಕಾಣದ ಜಿಂಕೆಯನ್ನು ಬಿಟ್ಟು ಎಷ್ಟೋ ಭಾನುವಾರ ಜಿಗಣೆ ಕಚ್ಚಿದ ಕಾಲುಗಳೊಂದಿಗೆ ಖಾಲಿ ಕೈಯಲ್ಲಿ ಬಂದದ್ದು. ನಾನು ಕಂಡ ಮನುಷ್ಯರಲ್ಲಿ ಇಷ್ಟು ನೇರ ಇನ್ನೊಬ್ಬರಿಲ್ಲ. ಅವರಲ್ಲಿ ನೂರನೇ ಭಾಗದಷ್ಟೂ ಓರೆ ಸಿಗುವುದಿಲ್ಲ. ಅದನ್ನೆಲ್ಲ ಎಂಜಲಿನೊಂದಿಗೆ ನುಂಗಿದೆ. ಇಡೀ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

"ಫುತ್ಸೂ" ಎಂದೆ. "ಸಾಧಾರಣ ಮನುಷ್ಯರು."

ಅಧಿಕಾರಿ ಒಂದೇ ಸಾಲು ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮೊದಲ ಸಲ ಸ್ವಲ್ಪ ನಕ್ಕರು.

ಸೆಪ್ಟೆಂಬರಿನಲ್ಲಿ ಪರವಾನಗಿ ಬಂತು. ರೈಫಲನ್ನು ಠಾಣೆಗೆ ತೋರಿಸಿ ತಂದ ದಿನ ಒಗಾವಾ ಸಾನ್ ನನ್ನನ್ನು ಮನೆಗೆ ಕರೆದರು. ಅವರು ಅದನ್ನು ಎರಡೂ ಅಂಗೈಗಳ ಮೇಲೆ ಮಲಗಿಸಿಕೊಂಡರು, ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಗುಂಡು ಕೂರಿಸುವ ಹಿಡಿಯನ್ನು ಎತ್ತಿ ಹಿಂದಕ್ಕೆಳೆದು ಮತ್ತೆ ಮುಂದೆ ತಳ್ಳಿ ಕೂರಿಸಿದಾಗ ಬಂದ ಆ ಸಣ್ಣ ಸದ್ದು! ಉಕ್ಕು ಉಕ್ಕಿನ ಮೇಲೆ ಬೆಣ್ಣೆಯ ಹಾಗೆ ಜಾರಿ ತನ್ನ ಜಾಗದಲ್ಲಿ ಕೂತ ಸದ್ದು. ಇನ್ನೊಮ್ಮೆ ಎಂದೆ. ಅವರು ಇನ್ನೊಮ್ಮೆ ಮಾಡಿದರು. ನಾವಿಬ್ಬರು ಬೆಳೆದ ಗಂಡಸರು ಹೀಗೆ ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ನವೆಂಬರಿನಲ್ಲಿ ಮೊದಲ ಹೆಣ್ಣು ಜಿಂಕೆ ಬಂತು, ಕುತ್ತಿಗೆಗೆ ಒಂದೇ ಗುಂಡು, ಬಿದ್ದಲ್ಲಿಂದ ಒಂದು ಹೆಜ್ಜೆ ಕದಲಿರಲಿಲ್ಲವಂತೆ. ಒಂಬತ್ತು ವರ್ಷದಲ್ಲಿ ಅಂಥ ಮಾಂಸ ತಿಂದಿರಲಿಲ್ಲ. ಹಾಲುಗೆಂಪು, ಕಾಡಿನ ಸಿಹಿ, ಹುಳಿಯ ಸುಳಿವೇ ಇಲ್ಲ. ಮಂಜುಳಾ ರುಚಿ ನೋಡಿ ಅರ್ಧ ಮಸಾಲೆಯನ್ನು ಡಬ್ಬಿಗೆ ವಾಪಸ್ ಹಾಕಿದಳು. ನಮ್ಮ ಮನೆಯಲ್ಲಿ ಮಸಾಲೆಗೆ ಅಂಥ ಅವಮಾನ ಎಂದೂ ಆಗಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಒಗಾವಾ ಸಾನ್ ಅವರನ್ನು ಊಟಕ್ಕೆ ಕರೆದೆವು. ಎಡೋಗಾವಾದಿಂದ ಸುಧೀಂದ್ರನೂ ಬಂದ. ಒಗಾವಾ ಸಾನ್ ರಾಗಿ ಮುದ್ದೆಯನ್ನು ಎಷ್ಟು ಹೇಳಿದರೂ ಅಗಿದೇ ತಿಂದರು. ಸುಧೀಂದ್ರ ಉಪಚಾರಕ್ಕೆಂದು, ನಮ್ಮ ಕೆಂಪಣ್ಣ ಕೆಲಸದಲ್ಲಿ ಹೇಗೆ ಎಂದು ಅವರನ್ನು ಕೇಳಿದ. ಒಗಾವಾ ಸಾನ್ ಕೈ ನಿಲ್ಲಿಸಿ, ನನ್ನ ಕಡೆ ನೋಡಿ, ಚೆನ್ನಾಗಿ ಯೋಚಿಸಿ ಹೇಳಿದರು, "ಫುತ್ಸೂ."

ಸುಧೀಂದ್ರನ ಮುಖ ಸಪ್ಪಗಾಯಿತು. ಪಾಪ, ಅವನಿಗೇನು ಗೊತ್ತು. ನನಗಂತೂ ಕಣ್ಣು ತುಂಬಿ ಬಂದು ತಪ್ಪನ್ನು ಸಾರಿನ ಖಾರದ ಮೇಲೆ ಹಾಕಬೇಕಾಯಿತು. ಅತಿಥಿಗಳು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ಮಂಜುಳಾ ಹತ್ತಿರ ನಿಂತು, ಒಗಾವಾ ಸಾನ್ ನನ್ನನ್ನು ಸಾಧಾರಣ ಮನುಷ್ಯ ಅಂದರು, ಕೇಳಿಸಿತಾ ಎಂದು ಮೂರನೇ ಸಲ ಹೇಳಿದೆ.

"ರೀ, ಹದಿನೇಳು ವರ್ಷದಿಂದ ನಾನೂ ಅದನ್ನೇ ಹೇಳ್ತಾ ಬಂದಿದೀನಿ" ಎಂದಳು ಅವಳು, ತಿರುಗಿ ಕೂಡ ನೋಡದೆ. "ನಾನು ಹೇಳ್ದಾಗ ಮಾತ್ರ ಎರಡು ದಿನ ಊಟ ಬಿಡ್ತಿದ್ರಿ."